ದಡ್ಡ ಅಲ್ಲ, ನಿಧಾನ

ನವಲಗುಂದದ ಕಡೆಯಿಂದ ಧಾರವಾಡಕ್ಕೆ ನನ್ನ ಹತ್ತಿರ ಮಗನನ್ನು ಕರೆತಂದಿದ್ದ ತಾಯಿ ಕೂರುವ ಮೊದಲೇ ಹೇಳಿದರು, "ಇವಂಗ ಎಲ್ಲಾ ಗೊತ್ತೈತ್ರಿ ಮೇಡಂ. ಬಾಯಿಲೆ ಕೇಳ್ರಿ, ಹೇಳ್ತಾನ. ಬರಿಯಾಕ ಕುಂತ್ರ ಮಾತ್ರ ಮುಗಿಸಂಗಿಲ್ಲ." ಹುಡುಗನಿಗೆ 11 ವರ್ಷ. ಶಾಲೆಯಲ್ಲಿ ದಡ್ಡ ಅಂತ ಹೆಸರು ಬಿದ್ದಿತ್ತು. (ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ.)

ಎರಡು ಸಲ ಕೂರಿಸಿ ಬುದ್ಧಿಮತ್ತೆ ಪರೀಕ್ಷೆ ಮಾಡಿದೆ. ವರದಿಯ ದಿನ ತಂದೆಯ ಮೊದಲ ಪ್ರಶ್ನೆ, "ನಂಬರ್ ಎಷ್ಟ ಬಂತ್ರಿ?"

ಒಟ್ಟು 102. ಸರಾಸರಿ 100. ಅಷ್ಟೇ ಕೇಳಿದ್ದರೆ ಅವರು ಸಮಾಧಾನದಿಂದ ಬಸ್ ಹತ್ತುತ್ತಿದ್ದರು. ಆದರೆ ಒಳಪುಟದಲ್ಲಿ ಬೇರೆಯೇ ಕಥೆ ಇತ್ತು. ಪದಜ್ಞಾನ 118, ತರ್ಕ 112, ಕೆಲಸದ ನೆನಪು (ಕೇಳಿದ್ದನ್ನು ಮನಸ್ಸಿನಲ್ಲಿ ಹಿಡಿದಿಟ್ಟುಕೊಂಡೇ ಬಳಸುವುದು) 98, ವೇಗ 76. ಅದೇ ವಯಸ್ಸಿನ 100 ಮಕ್ಕಳನ್ನು ಸಾಲಾಗಿ ನಿಲ್ಲಿಸಿದರೆ, ಪದಜ್ಞಾನದಲ್ಲಿ ಇವನು ಮುಂದಿನಿಂದ ಸುಮಾರು 12ನೆಯವನು. ವೇಗದಲ್ಲಿ ಹಿಂದಿನಿಂದ ಐದಾರನೆಯವನು. ಎರಡೂ ಒಬ್ಬನೇ ಹುಡುಗ.

ಬುದ್ಧಿ ಎಂದರೆ ಒಂದೇ ವಸ್ತು, ಕೆಲವರಿಗೆ ಜಾಸ್ತಿ, ಕೆಲವರಿಗೆ ಕಡಿಮೆ ಅಂತ ನಾವು ಅಂದುಕೊಂಡಿರುತ್ತೇವೆ. ಅದು ಪೂರ್ತಿ ತಪ್ಪೂ ಅಲ್ಲ. ಒಂದು ವಿಷಯದಲ್ಲಿ ಮುಂದಿರುವ ಮಕ್ಕಳು ಉಳಿದವುಗಳಲ್ಲೂ ಸಾಮಾನ್ಯವಾಗಿ ಮುಂದಿರುತ್ತಾರೆ ಎಂದು ಮನಶ್ಶಾಸ್ತ್ರಜ್ಞ ಸ್ಪಿಯರ್‌ಮನ್ 1904ರಲ್ಲೇ ತೋರಿಸಿದರು. ಆಮೇಲೆ ಕ್ಯಾಟೆಲ್ ಎಂಬ ಇನ್ನೊಬ್ಬ ಮನಶ್ಶಾಸ್ತ್ರಜ್ಞ ಈ ಸಾಮಾನ್ಯ ಬುದ್ಧಿಯನ್ನು ಎರಡಾಗಿ ಬಿಡಿಸಿದರು: ಹಿಂದೆಂದೂ ಕಾಣದ ಸಮಸ್ಯೆಯನ್ನು ಬಿಡಿಸುವ ಶಕ್ತಿ ಒಂದು, ಕಲಿತು ಕೂಡಿಟ್ಟ ತಿಳಿವಳಿಕೆ ಇನ್ನೊಂದು. ಮೊದಲನೆಯದು ಯೌವನ ಕಳೆದ ಮೇಲೆ ಮೆಲ್ಲಗೆ ಇಳಿಯುತ್ತದೆ. ಎರಡನೆಯದು ಬಹಳ ಕಾಲ ಉಳಿಯುತ್ತದೆ. ಹೊಸ ಮೊಬೈಲ್ ಮುಂದೆ ತಡವರಿಸುವ ಅಜ್ಜ, ಜಮೀನಿನ ವ್ಯವಹಾರದಲ್ಲಿ ಮನೆಮಂದಿಗೆಲ್ಲ ಬುದ್ಧಿ ಹೇಳುವುದು ಇದರಿಂದಲೇ. 1993ರಲ್ಲಿ ಜಾನ್ ಕ್ಯಾರೊಲ್ 460ಕ್ಕೂ ಹೆಚ್ಚು ಅಧ್ಯಯನಗಳ ಅಂಕಿಗಳನ್ನು ಮತ್ತೆ ಲೆಕ್ಕ ಹಾಕಿ, ಮೇಲೆ ಒಂದು ಸಾಮಾನ್ಯ ಸಾಮರ್ಥ್ಯ, ಅದರ ಕೆಳಗೆ ಕೆಲವು ದೊಡ್ಡ ಸಾಮರ್ಥ್ಯಗಳು, ಅವುಗಳ ಕೆಳಗೆ ಹತ್ತಾರು ಸಣ್ಣವು ಎಂಬ ಚಿತ್ರ ಕೊಟ್ಟರು. ಆಕಾರ ಗ್ರಹಿಸುವುದು, ಸದ್ದು ಬಿಡಿಸಿ ಕೇಳುವುದು, ನೆನಪು, ವೇಗ ಎಲ್ಲ ಆ ನಡುವಿನ ಸಾಲಿನವು.

ಆಕಾರದ ಮಾತಿಗೆ ನಮ್ಮ ಕಸೂತಿಯನ್ನೇ ನೋಡಿ. ಬಟ್ಟೆಯ ಮೇಲೆ ಗೆರೆ ಎಳೆಯದೆ, ಎಳೆ ಎಣಿಸುತ್ತಲೇ ಗೋಪುರ ಮೂಡಿಸುವ ಹೆಂಗಸರು ನಮ್ಮಲ್ಲಿದ್ದಾರೆ. ಅವರಲ್ಲಿ ಎಷ್ಟೋ ಮಂದಿ ಶಾಲೆಯಲ್ಲಿ "ಓದು ಹತ್ತಲಿಲ್ಲ" ಅನ್ನಿಸಿಕೊಂಡವರು. ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಸಂಗೀತ ಕಲಿಯುವ ಅಂಧ ಮಕ್ಕಳ ಮುಂದೆ ಚಿತ್ರ ಜೋಡಿಸುವ ಪರೀಕ್ಷೆ ಇಟ್ಟರೆ ಏನು ಅರ್ಥ? ಅವರ ಕಿವಿ, ಅವರ ನೆನಪು ಆ ಅಂಕದಲ್ಲಿ ಎಲ್ಲೂ ಬರುವುದಿಲ್ಲ.

ಭಾಷೆಯ ವಿಷಯ ಇನ್ನೂ ಸೂಕ್ಷ್ಮ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಇಂಗ್ಲಿಷ್ ಇರುವ ಮಗುವಿನ ಪದಜ್ಞಾನವನ್ನು ಇಂಗ್ಲಿಷಿನಲ್ಲಿ ಅಳೆದರೆ ಕಡಿಮೆ ಬರಬಹುದು. ಅದು ಬುದ್ಧಿಯ ಕೊರತೆ ಅಲ್ಲ. ಕನ್ನಡ, ಮರಾಠಿ ಮಾತಾಡುವ ಮಕ್ಕಳಿಗಾಗಿ, ಫ್ರಾನ್ಸಿನಲ್ಲಿ ಹುಟ್ಟಿದ ಬಿನೆ ಬುದ್ಧಿಮತ್ತೆ ಪರೀಕ್ಷೆಯನ್ನು ತಿದ್ದಿದ ಕೆಲಸವನ್ನು ವಿ.ವಿ. ಕಾಮತ್ 1934ರಲ್ಲೇ ಪ್ರಕಟಿಸಿದ್ದರು. ಇಂದೂ ಮಗುವನ್ನು ಯಾವ ಭಾಷೆಯಲ್ಲಿ ಪರೀಕ್ಷಿಸಿದರು ಎಂದು ಕೇಳುವ ಪಾಲಕರು ಕಡಿಮೆ. ದಯವಿಟ್ಟು ಕೇಳಿ.

ಈಗ ನಮ್ಮ ಹುಡುಗನ ವೇಗ. ಇದನ್ನು ಅಳೆಯುವ ಕೆಲಸ ತೀರಾ ಸುಲಭದ್ದು. ಮೇಲೆ ಕೊಟ್ಟ ಗುರುತು ನೋಡಿ ಕೆಳಗೆ ಬರೆಯಬೇಕು, ಎರಡು ನಿಮಿಷದಲ್ಲಿ ಆದಷ್ಟು. ಇವನು ತಪ್ಪೇ ಮಾಡಲಿಲ್ಲ. ಮುಗಿಸಿದ್ದು ಮಾತ್ರ ಕಡಿಮೆ. ತರಗತಿಯಲ್ಲೂ ಇದೇ ಆಗುತ್ತಿತ್ತು. ಬೋರ್ಡಿನ ಮೂರನೇ ಸಾಲು ಬರೆಯುವಷ್ಟರಲ್ಲಿ ಗುರುಗಳು ಅಳಿಸಿರುತ್ತಿದ್ದರು. ಉತ್ತರಪತ್ರಿಕೆ ಅರ್ಧ ಖಾಲಿ, ಅಂಕವೂ ಅರ್ಧ. ಆತಂಕ, ನಿದ್ದೆಗೇಡು, ಕಣ್ಣಿನ ತೊಂದರೆ, ಗಮನದ ಸಮಸ್ಯೆ ಇದ್ದರೂ ವೇಗ ಇಳಿಯಬಹುದು. ಅದಕ್ಕೇ ಮೊದಲು ಕಣ್ಣು ತೋರಿಸಲು ಹೇಳಿದೆ, ಗಮನದ ಬಗ್ಗೆ ಶಿಕ್ಷಕರನ್ನು ವಿಚಾರಿಸಿದೆ. ಅಲ್ಲಿ ತೊಂದರೆ ಕಾಣಲಿಲ್ಲ.

ಶಾಲೆಗೆ ಒಂದು ಪುಟದ ಪತ್ರ ಬರೆದೆ. ಬೋರ್ಡಿನ ಟಿಪ್ಪಣಿ ಜೆರಾಕ್ಸ್ ಕೊಡಿ. ಹತ್ತು ಲೆಕ್ಕದ ಬದಲು ಐದು ಸಾಕು. ಕಿರುಪರೀಕ್ಷೆಯಲ್ಲಿ ಸ್ವಲ್ಪ ಸಮಯ ಜಾಸ್ತಿ ಕೊಡಿ, ಇಲ್ಲವೇ ಬಾಯಿಂದ ಕೇಳಿ.

ಹೊರಡುವಾಗ ತಂದೆ ವರದಿಯ ಒಳಪುಟ ಮತ್ತೆ ತೆರೆದು, 118ರ ಮೇಲೆ ಬೆರಳಿಟ್ಟು ಮಗನಿಗೆ ತೋರಿಸಿದರು. ತಾಯಿ ಮಾತ್ರ ಬಾಗಿಲ ಬಳಿ ನಿಂತು ಕೇಳಿದರು, "ಹಂಗಾರ ಲಗೂನ ಬರಿ ಅಂತ ಬೈಯೂದ ಬಿಡ್ಲೇನ್ರಿ?" ಬಿಡಿ, ಇವತ್ತಿನಿಂದಲೇ ಬಿಡಿ ಎಂದೆ.