ಪರ್ವೀನ್ ಅಂದರೆ ಪ್ರವೀಣೆ ಅಲ್ಲ

ಮಕ್ಕಳಿಗೆ ಹೆಸರು ಸೂಚಿಸುವ ಇನ್ನೊಂದು ಪಟ್ಟಿ ಕಣ್ಣಿಗೆ ಬಿತ್ತು. ಅದರಲ್ಲೂ ಪರ್ವೀನ್ ಅಂದರೆ ಪ್ರವೀಣೆ, ಜಾಣೆ ಅಂತಲೇ ಬರೆದಿದ್ದಾರೆ. ಒಬ್ಬರು ಬರೆದದ್ದನ್ನು ಹತ್ತು ಜನ ಸುಮ್ನೆ ನಕಲು ಮಾಡಿದರೆ ಆಗುವುದು ಇದೇ. ಒಂದು ಪಾರಸಿ ನಿಘಂಟು ತೆರೆದಿದ್ದರೆ ಸಾಕಿತ್ತು.

ಪ್ರವೀಣ ಸಂಸ್ಕೃತ ಪದ. ಅದರೊಳಗೆ ವೀಣೆ ಇದೆ. ವೀಣೆ ನುಡಿಸುವುದರಲ್ಲಿ ಪಳಗಿದವನು ಮೊದಲು ಪ್ರವೀಣ, ಆಮೇಲೆ ಯಾವ ಕೆಲಸದಲ್ಲಿ ಪಳಗಿದರೂ ಪ್ರವೀಣ ಅಂತ ಹಳಬರು ಬಿಡಿಸಿ ಹೇಳುತ್ತಾರೆ. ಪರ್ವೀನ್‌ಗೂ ಈ ವೀಣೆಗೂ ಸಂಬಂಧವೇ ಇಲ್ಲ. ಇಂಗ್ಲಿಷಿನಲ್ಲಿ ಬರೆದಾಗ ಎರಡರಲ್ಲೂ ಅವೇ ಅಕ್ಷರಗಳು ಹಿಂದುಮುಂದಾಗಿ ಬರುತ್ತವೆ, ಅಷ್ಟೇ. ಕನ್ನಡದಲ್ಲಿ ಬರೆದರೆ ನ ಮತ್ತು ಣ ಬೇರೆ ಅನ್ನುವುದು ಎದ್ದು ಕಾಣುತ್ತದೆ. ಆದರೂ ರೇಷನ್ ಕಾರ್ಡಿನಲ್ಲಿ, ಮತದಾರರ ಪಟ್ಟಿಯಲ್ಲಿ ಎಷ್ಟೋ ಪರ್ವೀನ್‌ಗಳು ಪ್ರವೀಣ್ ಆಗಿ, ಪಕ್ಕದ ಕಾಲಮ್ಮಿನಲ್ಲಿ ಗಂಡಸೂ ಆಗಿಬಿಡುತ್ತಾರೆ.

ಪಾರಸಿಯ ಪರ್ವೀನ್ ನಮ್ಮ ಕೃತ್ತಿಕೆ. ವೃಷಭ ರಾಶಿಯಲ್ಲಿ ಒತ್ತೊತ್ತಾಗಿ ಕೂತ, ಬರಿಗಣ್ಣಿಗೆ ಆರೇಳು ಕಾಣುವ ಚುಕ್ಕಿಗಳು. ಪರ್ವೀನ್ ಅಂದರೆ ‘ನಕ್ಷತ್ರ’ ಎಂದು ಬರೆಯುವವರೂ ಇದ್ದಾರೆ. ಅದು ಅರ್ಧ ಸರಿ. ಒಂಟಿ ನಕ್ಷತ್ರಕ್ಕೆ ಪಾರಸಿಯಲ್ಲಿ ಸಿತಾರಾ ಇದೆ, ಅಖ್ತರ್ ಇದೆ. ಪರ್ವೀನ್ ಗುಂಪು. ಪಾರಸಿಗಿಂತ ತುಂಬ ಹಳೆಯದಾದ, ಜೊರಾಸ್ಟ್ರಿಯನ್ನರ ಧರ್ಮಗ್ರಂಥ ಅವೆಸ್ತಾದಲ್ಲೂ ಈ ಚುಕ್ಕಿಗಳ ಹೆಸರು ಬಹುವಚನದಲ್ಲೇ ಇದೆ. ವೇದದಲ್ಲೂ ‘ಕೃತ್ತಿಕಾಃ’ ಅಂತ ಬಹುವಚನವೇ ಅಲ್ವಾ? ಪಾರಸಿಗಿಂತ ಹಿಂದಿನ ಪಹ್ಲವಿಯಲ್ಲಿ ಇದು ಪರ್ವೀಜ್. ಅಲ್ಲಿ ನಮ್ಮ ಭರಣಿಗೆ ‘ಪೇಶ್ ಪರ್ವೀಜ್’ ಎಂದು ಹೆಸರು, ಅಂದರೆ ಪರ್ವೀಜ್‌ಗಿಂತ ಮುಂಚಿನದು. ಭರಣಿ ಮಳೆ ಮುಗಿದು ಕೃತ್ತಿಕೆ ಮಳೆ ಹಿಡಿಯುವುದನ್ನು ಬಲ್ಲ ನಮ್ಮ ರೈತರಿಗೆ ಈ ಸಾಲು ಹೊಸದೇನಲ್ಲ.

ಗಂಡಸರ ಹೆಸರು ಪರ್ವೇಜ್ ಮಾತ್ರ ಬೇರೆ ಕಥೆ. ಹಳೆಯ ಇರಾನನ್ನು ಆಳಿದ ಸಾಸಾನಿ ವಂಶದ ದೊರೆ ಖುಸ್ರೋ ಪರ್ವೇಜ್‌ನ ಬಿರುದು ‘ಗೆದ್ದವನು’ ಅನ್ನುವ ಅರ್ಥದ ಪದದಿಂದ ಬಂದದ್ದು. ಅದನ್ನು ಇಲ್ಲಿಗೆ ಎಳೆದು ತರುವುದು ಬೇಡ.

ಗುಂಪು ಎಂದು ನಾನು ಇಷ್ಟು ಹಟ ಹಿಡಿಯಲು ಕಾರಣ ಇದೆ. ಪಾರಸಿ ಕವಿಗಳಿಗೆ ಪರ್ವೀನ್‌ನಲ್ಲಿ ಕಂಡ ಸೊಗಸೇ ಆ ಒತ್ತು. ಅವರು ಅದನ್ನು ದ್ರಾಕ್ಷಿ ಗೊಂಚಲು ಎನ್ನುತ್ತಾರೆ, ಕೊರಳ ಹಾರ ಎನ್ನುತ್ತಾರೆ. ಇದಕ್ಕೆ ಎದುರಾಗಿ ನಿಲ್ಲಿಸುವುದು ಸಪ್ತರ್ಷಿ ಮಂಡಲವನ್ನು. ಅದಕ್ಕೆ ಅಲ್ಲಿ ‘ಬನಾತುನ್ನಾಶ್’ ಎಂದು ಹೆಸರು, ಶವದ ಚಟ್ಟದ ಹಿಂದೆ ಹೋಗುವ ಹೆಣ್ಣುಮಕ್ಕಳು. ಅವರು ಚದುರಿಹೋದವರು, ಪರ್ವೀನ್ ಕೂಡಿಕೊಂಡವಳು. ಹಾಗಾಗಿ ಗದ್ಯ ಸಪ್ತರ್ಷಿಯಂತೆ ಚೆಲ್ಲಾಪಿಲ್ಲಿ, ಪದ್ಯ ಪರ್ವೀನ್‌ನಂತೆ ಪೋಣಿಸಿದ್ದು ಎನ್ನುವುದು ಅಲ್ಲಿ ಹಳೆಯ ಮಾತು. ‘ಜಾಣೆ’ ಎಂದು ಬರೆದು ಕೈತೊಳೆದುಕೊಂಡರೆ ಇದೆಲ್ಲ ಹೋಯಿತು.

ಇರಾನಿನ ತಬ್ರೀಜ್‌ನಲ್ಲಿ 1907ರಲ್ಲಿ ಹುಟ್ಟಿದ ಕವಿ ಪರ್ವೀನ್ ಎತೆಸಾಮಿಗೆ ಮನೆಯಲ್ಲಿ ಇಟ್ಟ ಹೆಸರು ರಖ್ಶಂದೆ, ಹೊಳೆಯುವವಳು ಅಂತ. ಪರ್ವೀನ್ ಆಮೇಲೆ ಬಂದ ಕಾವ್ಯನಾಮ. ಪದ್ಯಕ್ಕೂ ಪರ್ವೀನ್‌ಗೂ ಇರುವ ಈ ನಂಟು ಗೊತ್ತಿದ್ದರೆ ಆ ಹೆಸರು ಕವಿಗೆ ಎಷ್ಟು ಚೆನ್ನಾಗಿ ಒಪ್ಪುತ್ತದೆ ಅಂತ ತಿಳಿಯುತ್ತದೆ. ಆಕೆಯ ಕವನ ಸಂಕಲನ 1935ರಲ್ಲಿ ಬಂತು. 1941ರಲ್ಲಿ, ಇನ್ನೂ ಮೂವತ್ತರ ಹರೆಯದಲ್ಲೇ, ತೀರಿಕೊಂಡರು.

ನಮ್ಮ ಕಡೆ ಈ ಹೆಸರು ಜಾಸ್ತಿ ಕಾಣುವುದು ಎರಡನೆಯ ಪದವಾಗಿ, ಬಾನು, ಬೇಗಂ ಸೇರಿಸುವ ಹಾಗೆ. ಹಿಂದೂಸ್ತಾನಿ ಸಂಗೀತ ಕೇಳುವವರಿಗೆ ಪರ್ವೀನ್ ಸುಲ್ತಾನಾ ಗೊತ್ತೇ ಇದ್ದಾರೆ. ಅಂದ ಹಾಗೆ ಸುರಯ್ಯ ಎನ್ನುವ ಹೆಸರಿದೆಯಲ್ಲ, ಅದು ಇದೇ ಕೃತ್ತಿಕೆಗೆ ಅರಬ್ಬಿ ಹೆಸರು. ಒಂದೇ ಮನೆಯಲ್ಲಿ ಅಕ್ಕ ಸುರಯ್ಯ, ತಂಗಿ ಪರ್ವೀನ್ ಇದ್ದರೆ ಇಬ್ಬರಿಗೂ ಇರುವುದು ಒಂದೇ ಹೆಸರು.