ಪಿಕಪ್‌ಗೆ ಫೋರ್ ವ್ಹೀಲ್ ಹಾಕಿಸುವ ಮುಂಚೆ

ಕಳೆದ ಮಳೆಗಾಲದಲ್ಲಿ ಒಬ್ಬರು ಪುಣೆ ಪಕ್ಕದ ಭೋಸರಿಯ ನನ್ನ ಗ್ಯಾರೇಜಿಗೆ ಬಂದರು. ವಿಜಯಪುರದ ಕಡೆಯವರು, ಮುಳಶಿಯಲ್ಲಿ ಕೋಳಿ ಫಾರ್ಮ್ ಇಟ್ಟಿದ್ದಾರೆ. ಗಾಡಿ ಟೂ ವ್ಹೀಲ್ ಪಿಕಪ್, ಅಂದರೆ ಎಳೆಯುವುದು ಹಿಂದಿನ ಎರಡು ಗಾಲಿ ಮಾತ್ರ. ಬಾಗಿಲ ತನಕ ಕೆಸರು. "ಅಣ್ಣಾರ, ಮುಂದಿನ ಗಾಲಿನೂ ಎಳಿಯೋ ಹಂಗ ಮಾಡಿಕೊಡ್ರಿ. ವಾರಕ್ಕ ಮೂರ್ ಸಲ ಟ್ರ್ಯಾಕ್ಟರ್ ಕರಸೂದಾಗೇತಿ" ಅಂದರು.

ನಾಲ್ಕೂ ಗಾಲಿ ಎಳೆಯುವ ಹಾಗೆ, ಅಂದರೆ ಫೋರ್ ವ್ಹೀಲ್ ಮಾಡುವ ಈ ಕೆಲಸ ಆಗುತ್ತದೆ. ನಾನೇ ಮಾಡಿದ್ದೇನೆ. ಆದರೂ ಈಗ ಕೇಳಿದವರಿಗೆಲ್ಲ ಬೇಡ ಎನ್ನುತ್ತೇನೆ.

ಮುಂದೆ ಒಂದು ಆ್ಯಕ್ಸಲ್ ಕೂರಿಸಿದರೆ ಮುಗಿಯಿತು ಅಂತ ಜನ ಅಂದುಕೊಳ್ಳುತ್ತಾರೆ. ಹಾಗಲ್ಲ. ಗೇರ್‌ಬಾಕ್ಸಿನ ಹಿಂದೆ ಟ್ರಾನ್ಸ್‌ಫರ್ ಕೇಸ್ ಬೇಕು. ಎಂಜಿನ್ನಿನ ಎಳೆತವನ್ನು ಮುಂದಕ್ಕೂ ಹಿಂದಕ್ಕೂ ಹಂಚುವುದು ಅದೇ. ಟೂ ವ್ಹೀಲ್ ಗೇರ್‌ಬಾಕ್ಸಿನ ಬಾಲಕ್ಕೆ ಅದು ಸಾಮಾನ್ಯವಾಗಿ ಕೂರುವುದಿಲ್ಲ. ಹಾಗಾಗಿ ಗೇರ್‌ಬಾಕ್ಸೇ ಬದಲು. ಎಳೆತವನ್ನು ಹಿಂದಿನ ಆ್ಯಕ್ಸಲಿಗೆ ಒಯ್ಯುವ ಉದ್ದನೆಯ ಪ್ರೊಪೆಲ್ಲರ್ ಶಾಫ್ಟ್ ಕತ್ತರಿಸಿ ಗಿಡ್ಡ ಮಾಡಿ ಬ್ಯಾಲೆನ್ಸ್ ಮಾಡಿಸಬೇಕು, ಮುಂದಕ್ಕೆ ಹೊಸದೊಂದು ಮಾಡಿಸಬೇಕು. ಮುಂದಿನ ಡಿಫರೆನ್ಷಿಯಲ್, ಅಂದರೆ ಎಳೆತವನ್ನು ಎಡ-ಬಲ ಗಾಲಿಗೆ ಹಂಚುವ ಆ್ಯಕ್ಸಲಿನ ಗುಂಡು, ಬರುವ ಜಾಗದಲ್ಲಿ ಎಂಜಿನ್ನಿನ ತಳದ ಆಯಿಲ್ ಚೇಂಬರ್ ಅಡ್ಡ ಬರುತ್ತದೆ. ಚಾಸಿಯ ಅಡ್ಡಪಟ್ಟಿ ಕತ್ತರಿಸುವುದು, ಸಸ್ಪೆನ್ಷನ್ ಎತ್ತುವುದು ಶುರುವಾಗುತ್ತದೆ. ಎತ್ತರ ಬದಲಾದರೆ ಸ್ಟೀರಿಂಗ್ ರಾಡ್‌ಗಳ ಕೋನವೂ ಬದಲು. ಸ್ಪೀಡೋಮೀಟರ್ ಬೇರೆ ತಪ್ಪು ತೋರಿಸಬಹುದು. ಅದೇ ಮಾಡೆಲಿನ ಪೂರ್ತಿ ಫೋರ್ ವ್ಹೀಲ್ ಗಾಡಿಯೊಂದು ಗುಜರಿಯಲ್ಲಿ ಸಿಕ್ಕರೆ ಮಾತ್ರ ಇದಕ್ಕೆ ಕೈ ಹಾಕಬಹುದು. ಒಂದೊಂದು ಸಾಮಾನು ಒಂದೊಂದು ಕಡೆಯಿಂದ ತಂದರೆ ಗಾಡಿ ವರ್ಷಗಟ್ಟಲೆ ಗ್ಯಾರೇಜಿನಲ್ಲೇ ನಿಲ್ಲುತ್ತದೆ.

ನಾನು ಎಡವಿದ್ದು ಕ್ರೌನ್-ಪಿನಿಯನ್ನಿನಲ್ಲಿ, ಅಂದರೆ ಶಾಫ್ಟಿನ ಸುತ್ತನ್ನು ಗಾಲಿಗೆ ದಾಟಿಸುವ ದೊಡ್ಡ-ಸಣ್ಣ ಹಲ್ಲುಚಕ್ರದ ಜೋಡಿಯಲ್ಲಿ. ಆಗ ಹೊಸತು, ಹುರುಪು ಜಾಸ್ತಿ. ಗುಜರಿಯಿಂದ ತಂದ ಮುಂದಿನ ಆ್ಯಕ್ಸಲ್ ನೋಡಲು ಹೊಂದುವಂತಿತ್ತು, ಹಲ್ಲು ಎಣಿಸದೆ ಹಾಕಿಬಿಟ್ಟೆ. ಹಿಂದೆ 41 ಹಲ್ಲಿನ ಕ್ರೌನಿಗೆ 10ರ ಪಿನಿಯನ್, ಅಂದರೆ ಗಾಲಿಯ ಒಂದು ಸುತ್ತಿಗೆ ಶಾಫ್ಟ್ 4.1 ಸುತ್ತು. ಮುಂದೆ 43ಕ್ಕೆ 10, ಅಂದರೆ 4.3. ಸಣ್ಣ ವ್ಯತ್ಯಾಸ ಅನಿಸುತ್ತದೆ, ಅಲ್ವಾ? ಹಿಂದಿನ ಗಾಲಿ 100 ಮೀಟರ್ ಹೋಗುವಷ್ಟರಲ್ಲಿ ಮುಂದಿನದು ಸುಮಾರು 95 ಮೀಟರ್ ಮಾತ್ರ ಹೋಗಲು ನೋಡುತ್ತದೆ. ಕೆಸರಿನಲ್ಲಿ ಗಾಲಿ ಜಾರಿ ಆ ವ್ಯತ್ಯಾಸ ನುಂಗಿಕೊಂಡಿತು. ಗಟ್ಟಿ ನೆಲಕ್ಕೆ ಬಂದ ಕೂಡಲೇ ಶಾಫ್ಟ್‌ಗಳು ತಿರುಚಿಕೊಂಡು ಬಿಗಿದು ನಿಂತವು. ಟೂ ವ್ಹೀಲ್, ಫೋರ್ ವ್ಹೀಲ್ ಬದಲಿಸುವ ಲಿವರ್ ಟೂ ವ್ಹೀಲಿಗೆ ವಾಪಸ್ ಬರಲೇ ಇಲ್ಲ. ಒಂದು ಗಾಲಿ ಜಾಕ್ ಹಾಕಿ ಎತ್ತಿದ್ದೇ ತಡ, ಟಪ್ ಅಂತ ಅದು ತಾನಾಗಿ ತಿರುಗಿ ಬಿಟ್ಟುಕೊಂಡಿತು. ಆ ಸದ್ದು ನನಗೆ ಇವತ್ತಿಗೂ ನೆನಪಿದೆ.

ಈಗ ಮೊದಲು ಸೀಮೆಸುಣ್ಣ ಹಿಡಿಯುತ್ತೇನೆ. ಗೇರ್ ನ್ಯೂಟ್ರಲ್, ಉಳಿದ ಗಾಲಿಗಳಿಗೆ ಅಡ್ಡಗಲ್ಲು. ಒಂದು ಗಾಲಿ ಎತ್ತಿ, ಅದರ ಮೇಲೂ ಶಾಫ್ಟ್ ಮೇಲೂ ಗುರುತು ಹಾಕಬೇಕು. ಅದೇ ಆ್ಯಕ್ಸಲಿನ ಇನ್ನೊಂದು ಗಾಲಿ ನೆಲದಲ್ಲೇ ಇರಲಿ. ಎತ್ತಿದ ಗಾಲಿಯನ್ನು ಸರಿಯಾಗಿ 2 ಸುತ್ತು ತಿರುಗಿಸಿದರೆ ಶಾಫ್ಟ್ ಎಷ್ಟು ಸುತ್ತುತ್ತದೋ ಅದೇ ಆ ಆ್ಯಕ್ಸಲಿನ ಲೆಕ್ಕ. ಅನುಮಾನ ಬಂದರೆ ಮುಚ್ಚಳ ಬಿಚ್ಚಿ ಹಲ್ಲು ಎಣಿಸುವುದೇ ಸರಿ. ನಾಲ್ಕೂ ಟೈರ್ ಒಂದೇ ಅಳತೆ ಇರಬೇಕು. ಲೆಕ್ಕ ಎಲ್ಲ ಹೊಂದಿದ್ದರೂ ಇಂಥ ಗಾಡಿಯನ್ನು ಒಣ ಡಾಂಬರಿನಲ್ಲಿ ಫೋರ್ ವ್ಹೀಲಿನಲ್ಲಿ ಓಡಿಸಬಾರದು. ತಿರುವಿನಲ್ಲಿ ಮುಂದಿನ ಗಾಲಿಗಳು ಜಾಸ್ತಿ ದೂರ ಹೋಗಬೇಕು, ಆದರೆ ಫೋರ್ ವ್ಹೀಲಿನಲ್ಲಿ ಮುಂದಿನ, ಹಿಂದಿನ ಶಾಫ್ಟ್ ಎರಡೂ ಒಂದೇ ವೇಗದಲ್ಲಿ ಸುತ್ತುವುದರಿಂದ ಅದಕ್ಕೆ ಅವಕಾಶವೇ ಇರುವುದಿಲ್ಲ.

ಕಾಗದಪತ್ರದ ಮಾತು ಇನ್ನೂ ಮುಖ್ಯ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಕಂಪನಿ ಕೊಟ್ಟ ವಿವರಕ್ಕೆ ಹೊಂದದ ಹಾಗೆ ಗಾಡಿ ಮಾರ್ಪಡಿಸುವಂತಿಲ್ಲ. 2019ರ ತಿದ್ದುಪಡಿ ಬಂದ ಮೇಲೆ ಮಾಲೀಕರಿಗೆ ಒಂದೊಂದು ಮಾರ್ಪಾಡಿಗೂ 5,000 ರೂಪಾಯಿ ದಂಡ, ಇಲ್ಲವೇ 6 ತಿಂಗಳವರೆಗೆ ಜೈಲು, ಎರಡೂ ಆಗಬಹುದು. ಅಪಘಾತವಾದರೆ ವಿಮೆಯವರು ಮೊದಲು ಹಿಡಿಯುವುದೂ ಇದನ್ನೇ. ಗಾಡಿಗಳ ಮಾದರಿಗಳನ್ನು ಪರೀಕ್ಷೆ ಮಾಡುವ ಸಂಸ್ಥೆಗಳಲ್ಲಿ ಒಂದಾದ ಎಆರ್‌ಎಐ ನಮ್ಮ ಪುಣೆಯ ಗುಡ್ಡದ ಮೇಲೆಯೇ ಇದೆ. ಅಂಥವರು ಬ್ರೇಕಿನಿಂದ ಹಿಡಿದು ಎಲ್ಲ ನೋಡಿ ಒಪ್ಪಿದ ಗಾಡಿಯ ಚಾಸಿಗೆ ನಾನು ಗ್ಯಾಸ್ ಕಟ್ಟರ್ ಹಿಡಿಯುವುದು ಸರಿಯಲ್ಲ ಅನಿಸುತ್ತದೆ.

ವಿಜಯಪುರದವರ ಗಾಡಿ ಸಿಕ್ಕಿಬೀಳುತ್ತಿದ್ದುದು ಖಾಲಿ ಬರುವಾಗ. ಖಾಲಿ ಪಿಕಪ್ಪಿನ ಭಾರವೆಲ್ಲ ಮುಂದೆ, ಎಳೆಯುವ ಗಾಲಿ ಹಿಂದೆ. ಸಾದಾ ಡಿಫರೆನ್ಷಿಯಲ್ ಎರಡೂ ಗಾಲಿಗೆ ಸಮ ಬಲ ಕೊಡುತ್ತದೆ. ಒಂದು ಗಾಲಿ ಕೆಸರಲ್ಲಿ ಸುಮ್ನೆ ತಿರುಗಿದರೆ ಇನ್ನೊಂದಕ್ಕೂ ಬಲ ಇಲ್ಲ. ಹಿಂದೆ 200 ಕೆಜಿ ಮರಳಿನ ಚೀಲ ಹಾಕಿಸಿದೆ, ಸವೆದ ಟೈರ್ ತೆಗೆಸಿ ಅದೇ ಅಳತೆಯ ಆಳದ ಹಲ್ಲಿನ ಟೈರ್ ಹಾಕಿಸಿದೆ. ಕೆಸರಿಗೆ ಇಳಿಯುವ ಮುಂಚೆ ಗಾಳಿ ಸ್ವಲ್ಪ ಬಿಟ್ಟು, ಡಾಂಬರು ಸಿಕ್ಕಿದ ಮೇಲೆ ತುಂಬಿಸಿಕೊಳ್ಳಲು ಹೇಳಿದೆ. ಟ್ರ್ಯಾಕ್ಟರ್ ಕರೆಸುವುದು ಪೂರ್ತಿ ನಿಂತಿಲ್ಲ, ತಿಂಗಳಿಗೆ ಒಂದು ಸಲಕ್ಕೆ ಬಂದಿದೆ.

ಈಗ ಅವರು ಕಂಪನಿಯಿಂದಲೇ ಫೋರ್ ವ್ಹೀಲ್ ಆಗಿ ಬಂದ ಹಳೇ ಪಿಕಪ್ ಹುಡುಕುತ್ತಿದ್ದಾರೆ. ನೋಡಲು ಹೋಗುವಾಗ ಒದ್ದೆ ಮಣ್ಣಿನ ಮೇಲೆ ಲಿವರ್ ಹಾಕಿ ನೋಡಿ ಎಂದಿದ್ದೇನೆ. ಲೋ ಗೇರಿಗೆ ಬೀಳಬೇಕು, ಮುಂದಿನ ಗಾಲಿ ನಿಜವಾಗಿ ಎಳೆಯಬೇಕು, ವಾಪಸ್ ಟೂ ವ್ಹೀಲಿಗೆ ಸಲೀಸಾಗಿ ಬರಬೇಕು. ಮತ್ತೆ ಗಾಡಿಯ ಕೆಳಗೆ ತೂರಿ ಮುಂದಿನ ಗಾಲಿಗೆ ಎಳೆತ ಒಯ್ಯುವ ಜಾಯಿಂಟಿನ ಮೇಲಿನ ರಬ್ಬರ್ ಕವಚಗಳನ್ನು, ಅಂದರೆ ಬೂಟುಗಳನ್ನು, ಬೆರಳಿನಿಂದ ಬಿಡಿಸಿ ನೋಡಬೇಕು. ಹರಿದು ಗ್ರೀಸ್ ಹೊರಗೆ ಬಂದಿದ್ದರೆ ಒಳಗೆ ಮಣ್ಣು ಹೋಗಿದೆ ಅಂತಲೇ ತಿಳಿಯಿರಿ.