"ಪಾಸ್‌ವರ್ಡ್ ಬದಲಿಸಿದ್ದೇನೆ, ಇನ್ನೇನು ಬಾಕಿ?"

ಓದುಗರ ಪ್ರಶ್ನೆ: ವಿಚ್ಛೇದನ ಆಯಿತು. ಮೇಲ್, ಓಟಿಟಿ, ಕ್ಲೌಡ್ ಸ್ಟೋರೇಜ್ ಬಹಳಷ್ಟು ಇಬ್ಬರಿಗೂ ಸೇರಿ ಒಂದೇ ಇತ್ತು. ಎಲ್ಲದರ ಪಾಸ್‌ವರ್ಡ್ ಬದಲಿಸಿದ್ದೇನೆ. ಇಷ್ಟು ಸಾಕಲ್ಲವೇ? ಸಬ್‌ಸ್ಕ್ರಿಪ್ಷನ್‌ಗಳನ್ನು ಹೇಗೆ ಪಾಲು ಮಾಡಿಕೊಳ್ಳುವುದು?

ಉತ್ತರ: ಸಾಲದು. ಈ ಒಂದು ಪದವನ್ನು ಬರೆದು ಬರೆದು ಬೆರಳು ಸವೆದಿದೆ, ಆದರೂ ಪ್ರತಿ ಪ್ರಶ್ನೆಯ ನಡುವೆ "ಪಾಸ್‌ವರ್ಡ್ ಬದಲಿಸಿದ್ದೇನೆ" ಎಂಬ ಮಾತು ಕಾಲು ಚಾಚಿ ಕೂತೇ ಇರುತ್ತದೆ. ಪಾಲಿನ ವಿಷಯ ಆಮೇಲೆ ನೋಡೋಣ. ಮೊದಲು ಈ ನಂಬಿಕೆಯನ್ನು ಬುಡಸಮೇತ ಕೀಳಬೇಕು.

ಪಾಸ್‌ವರ್ಡ್ ಕೇಳುವುದು ಬಾಗಿಲಲ್ಲಿ ಮಾತ್ರ. ಆಗಲೇ ಒಳಗೆ ಕೂತವರನ್ನು ಯಾರೂ ಎಬ್ಬಿಸಿ ಕೇಳುವುದಿಲ್ಲ. ಒಮ್ಮೆ ಲಾಗಿನ್ ಆದಾಗ ಸರ್ವರ್ ಆ ಫೋನಿಗೋ ಟೀವಿಗೋ ಒಂದು ಟೋಕನ್ ಕೊಟ್ಟಿರುತ್ತದೆ. ಅಲ್ಲಿಂದ ಮುಂದೆ ಆ್ಯಪ್ ತೋರಿಸುವುದು ಆ ಟೋಕನ್ನನ್ನೇ. ಪಾಸ್‌ವರ್ಡ್ ಬದಲಾದಾಗ ಹಳೆಯ ಟೋಕನ್‌ಗಳು ರದ್ದಾಗುತ್ತವೋ ಇಲ್ಲವೋ ಎಂಬುದು ಆಯಾ ಕಂಪನಿಯ ಮರ್ಜಿ. ನೆಟ್‌ಫ್ಲಿಕ್ಸಿನಲ್ಲಿ ಪಾಸ್‌ವರ್ಡ್ ಬದಲಿಸುವ ಪುಟದಲ್ಲೇ "ಎಲ್ಲ ಸಾಧನಗಳೂ ಮತ್ತೆ ಸೈನ್ ಇನ್ ಆಗಬೇಕು" ಎಂಬರ್ಥದ ಒಂದು ಚೌಕವಿದೆ. ಅದರಲ್ಲಿ ಟಿಕ್ ಇಲ್ಲದಿದ್ದರೆ ಹಳೆಯ ಮನೆಯ ಟೀವಿ ಏನೂ ಆಗದವರಂತೆ ಓಡುತ್ತಿರುತ್ತದೆ. ಗೂಗಲ್ ಬಹುತೇಕ ಎಲ್ಲ ಕಡೆ ಸೈನ್ ಔಟ್ ಮಾಡುತ್ತದೆ, ಆದರೆ ಮೂರನ್ನು ಬಿಡುತ್ತದೆ: ಸೈನ್ ಇನ್ ಆಗುವಾಗ "ಇದು ನೀವೇನಾ" ಎಂದು ಕೇಳಲು ಬಳಸುವ ಸಾಧನ, ನೀವು ಅನುಮತಿ ಕೊಟ್ಟಿರುವ ಕೆಲವು ಹೊರಗಿನ ಆ್ಯಪ್‌ಗಳಿರುವ ಸಾಧನ, ಮತ್ತು ಮನೆಯ ಸ್ಮಾರ್ಟ್ ಸಾಧನ. ಜೊತೆಯಲ್ಲಿ ಬಾಳಿದವರ ಕೈಯಲ್ಲಿ ಉಳಿಯುವುದು ಸಾಮಾನ್ಯವಾಗಿ ಈ ಮೂರೇ.

ವಾಟ್ಸ್ಯಾಪ್‌ಗಂತೂ ಬದಲಿಸಲು ಪಾಸ್‌ವರ್ಡೇ ಇಲ್ಲ. ಒಂದು ಫೋನಿಗೆ ನಾಲ್ಕು ಸಾಧನಗಳವರೆಗೆ ಲಿಂಕ್ ಆಗುತ್ತದೆ. ಎಂದೋ ಒಂದು ದಿನ ಹಂಚಿಕೊಂಡ ಲ್ಯಾಪ್‌ಟಾಪಿನಲ್ಲಿ ಕ್ಯೂಆರ್ ಸ್ಕ್ಯಾನ್ ಮಾಡಿ ಮರೆತಿದ್ದರೆ ಇಂದಿಗೂ ನಿಮ್ಮ ಮೆಸೇಜು ಅಲ್ಲಿ ಬೀಳುತ್ತಿರಬಹುದು. ನಿಮ್ಮ ಫೋನ್ ಆಫ್‌ಲೈನ್ ಇದ್ದರೂ ಆ ಕೊಂಡಿ ತಕ್ಷಣ ಕಡಿಯುವುದಿಲ್ಲ. ಲಿಂಕ್ ಆದ ಸಾಧನಗಳ ಪಟ್ಟಿ ತೆರೆದು ಒಂದೊಂದನ್ನೂ ಲಾಗ್ ಔಟ್ ಮಾಡಬೇಕು.

ಮೇಲ್ ವಿಷಯದಲ್ಲಿ ಇನ್ನೂ ಒಂದು ಕಳ್ಳದಾರಿ ಇದೆ. ಜಿಮೇಲ್‌ನಲ್ಲಿ ಫಾರ್ವರ್ಡಿಂಗ್ ಹಾಕಿದ್ದರೆ ಅದು ಖಾತೆಯ ಸೆಟ್ಟಿಂಗ್, ಲಾಗಿನ್ ಅಲ್ಲ. ನೀವು ದಿನಕ್ಕೆ ಹತ್ತು ಸಲ ಪಾಸ್‌ವರ್ಡ್ ಬದಲಿಸಿದರೂ ಬಂದ ಮೇಲಿನ ಪ್ರತಿ ಇನ್ನೊಂದು ವಿಳಾಸಕ್ಕೆ ಹೋಗುತ್ತಲೇ ಇರುತ್ತದೆ. ಇದನ್ನು ಮೊಬೈಲ್ ಆ್ಯಪಿನಲ್ಲಿ ಹುಡುಕಿ "ಏನೂ ಇಲ್ಲ" ಎನ್ನಬೇಡಿ. ಆ್ಯಪಿನಲ್ಲಿ ಅದು ಕಾಣುವುದೇ ಇಲ್ಲ. ಕಂಪ್ಯೂಟರಿನ ಬ್ರೌಸರಿನಲ್ಲಿ ಜಿಮೇಲ್ ತೆರೆದು, ಎಲ್ಲ ಸೆಟ್ಟಿಂಗ್‌ಗಳಿಗೆ ಹೋಗಿ ಮೂರು ಟ್ಯಾಬ್ ನೋಡಿ. ಫಾರ್ವರ್ಡಿಂಗ್ ಟ್ಯಾಬಿನಲ್ಲಿ ಪರಿಚಯದ ವಿಳಾಸವೇನಾದರೂ ಇದೆಯೇ? ಫಿಲ್ಟರ್ ಟ್ಯಾಬಿನಲ್ಲಿ "ಬ್ಯಾಂಕ್" ಅಥವಾ "ವಕೀಲ" ಎಂಬ ಪದವಿದ್ದ ಮೇಲನ್ನು ಬೇರೆಡೆ ಕಳಿಸಿ ಇನ್‌ಬಾಕ್ಸಿನಿಂದ ಮರೆಮಾಡು ಎಂಬಂಥ ನಿಯಮವಿದೆಯೇ? ಅಕೌಂಟ್ಸ್ ಟ್ಯಾಬಿನಲ್ಲಿ ನಿಮ್ಮ ಮೇಲ್ ಓದಲು ಬೇರೆಯವರಿಗೆ ಅಧಿಕಾರ ಕೊಟ್ಟಿದೆಯೇ? ಮೂರೂ ಖಾಲಿ ಇದ್ದರೆ ಮಾತ್ರ ಆ ಪೆಟ್ಟಿಗೆ ನಿಮ್ಮದು.

"ನನಗೆ ಓಟಿಪಿ ಆ್ಯಪ್ ಇದೆ, ಭಯವಿಲ್ಲ" ಎನ್ನುವವರಿಗೆ ಒಂದು ಮಾತು. ಅಥೆಂಟಿಕೇಟರ್ ಆ್ಯಪ್ ತೋರಿಸುವ ಆರಂಕಿ, ಮೊದಲ ದಿನ ಸ್ಕ್ಯಾನ್ ಮಾಡಿದ ಕ್ಯೂಆರ್ ಕೋಡಿನೊಳಗಿನ ಗುಟ್ಟಿನ ಕೀ ಮತ್ತು ಆ ಕ್ಷಣದ ಗಡಿಯಾರ ಸೇರಿ ಹುಟ್ಟುವ ಸಂಖ್ಯೆ. ಅಂದು ಇಬ್ಬರೂ ಅದೇ ಕೋಡನ್ನು ಸ್ಕ್ಯಾನ್ ಮಾಡಿದ್ದರೆ ಎರಡು ಫೋನುಗಳಲ್ಲೂ ಒಂದೇ ಕ್ಷಣದಲ್ಲಿ ಒಂದೇ ಆರಂಕಿ ಮೂಡುತ್ತದೆ, 30 ಸೆಕೆಂಡಿಗೊಮ್ಮೆ ಒಟ್ಟಿಗೇ ಬದಲಾಗುತ್ತದೆ. ಪಾಸ್‌ವರ್ಡ್ ಬದಲಿಸಿದರೆ ಈ ಕೀ ಬದಲಾಗುವುದಿಲ್ಲ. ಎರಡು ಹಂತದ ಪರಿಶೀಲನೆಯಿಂದ ಹಳೆಯ ಅಥೆಂಟಿಕೇಟರನ್ನು ತೆಗೆದು, ಹೊಸ ಕೋಡ್ ಸ್ಕ್ಯಾನ್ ಮಾಡಿ, ಬ್ಯಾಕಪ್ ಕೋಡುಗಳನ್ನೂ (ಫೋನ್ ಕೈಗೆ ಸಿಗದಾಗ ಬಳಸಲು ಮೊದಲೇ ಕೊಡುವ ಸಂಖ್ಯೆಗಳು) ಹೊಸದಾಗಿ ಮಾಡಿಸಿಕೊಳ್ಳಬೇಕು. ಹಳೆಯ ಬ್ಯಾಕಪ್ ಕೋಡಿನ ಚೀಟಿ ಯಾವ ಡ್ರಾಯರಿನಲ್ಲಿದೆ ಎಂದು ಇಬ್ಬರಿಗೂ ಗೊತ್ತಿರುತ್ತದೆ. ಪಾಸ್‌ವರ್ಡಿನ ಬದಲು ಸಾಧನದ ಬೆರಳಚ್ಚು, ಮುಖ ಅಥವಾ ಪಿನ್ ನೋಡಿ ಒಳಬಿಡುವ ಪಾಸ್‌ಕೀಗಳದ್ದೂ ಬೇರೆಯೇ ಪಟ್ಟಿ. ಹಳೆಯ ಲ್ಯಾಪ್‌ಟಾಪಿನ ಹೆಸರು ಅಲ್ಲಿದ್ದರೆ ಅಳಿಸಿ.

ಇನ್ನು ಅನುಕ್ರಮ. ಉತ್ಸಾಹದಲ್ಲಿ ಮೊದಲು ಓಟಿಟಿಯ ಪಾಸ್‌ವರ್ಡ್ ಬದಲಿಸುತ್ತಾರೆ. ಬ್ರೌಸರ್ "ಸೇವ್ ಮಾಡಲೇ?" ಎನ್ನುತ್ತದೆ, ಇವರು ಹೂಂ ಎನ್ನುತ್ತಾರೆ. ಆ ಬ್ರೌಸರ್ ಹಂಚಿಕೊಂಡ ಗೂಗಲ್ ಖಾತೆಯಲ್ಲೇ ಸಿಂಕ್ ಆಗುತ್ತಿದ್ದರೆ ಹೊಸ ಪಾಸ್‌ವರ್ಡ್ ಆ ಕಡೆಯ ಟ್ಯಾಬ್ಲೆಟ್ಟಿಗೂ ತಾನಾಗಿಯೇ ತಲುಪುತ್ತದೆ. ಬೀಗ ಬದಲಿಸಿ ಕೀಲಿಯನ್ನು ಅಂಚೆಯಲ್ಲಿ ಕಳಿಸಿದ ಹಾಗೆ.

ಆದ್ದರಿಂದ ಮೊದಲು ಕೈಯಲ್ಲಿರುವ ಫೋನ್. ಅದರ ಪಿನ್ ಬದಲಿಸಿ, ದಾಖಲಾದ ಬೆರಳಚ್ಚುಗಳನ್ನೆಲ್ಲ ಅಳಿಸಿ ನಿಮ್ಮದನ್ನು ಮಾತ್ರ ಸೇರಿಸಿ. ಐಫೋನಿನ ಫೇಸ್ ಐಡಿಯಲ್ಲಿ "ಪರ್ಯಾಯ ಮುಖ" ಎಂದು ಸೇರಿಸಿದ್ದನ್ನು ಅದೊಂದನ್ನೇ ತೆಗೆಯಲು ಬರುವುದಿಲ್ಲ, ಫೇಸ್ ಐಡಿಯನ್ನೇ ರೀಸೆಟ್ ಮಾಡಬೇಕು. ಎರಡನೆಯದು ಸಿಮ್. ನಂಬರ್ ಯಾರ ಹೆಸರಿನಲ್ಲಿದೆಯೋ ಓಟಿಪಿಯ ಮೇಲೆ ಕಡೆಯ ಹಿಡಿತ ಅವರದೇ. ಇನ್ನೊಬ್ಬರ ಹೆಸರಿನಲ್ಲಿದ್ದರೆ ವರ್ಗಾಯಿಸಿಕೊಳ್ಳಿ, ಇಲ್ಲವೇ ಹೊಸ ನಂಬರ್ ತೆಗೆದುಕೊಂಡು ಎಲ್ಲ ಕಡೆ ಅದನ್ನೇ ಕೊಡಿ. ಮೂರನೆಯದು ನಿಮ್ಮೊಬ್ಬರದೇ ಆದ ಮೇಲ್. ಪಾಸ್‌ವರ್ಡ್ ಮರೆತಾಗ ಖಾತೆ ಮರಳಿ ಪಡೆಯಲು ಕೊಟ್ಟ ರಿಕವರಿ ಫೋನ್, ರಿಕವರಿ ಮೇಲ್ ಎರಡೂ ಪರಿಶೀಲಿಸಿ. ಉಳಿದ ಖಾತೆಗಳ ಸರದಿ ಇವೆಲ್ಲ ಆದ ಮೇಲೆ.

ಮೂರು ಎಚ್ಚರಿಕೆ, ಚುಟುಕಾಗಿ. ಪ್ರಕರಣ ಇನ್ನೂ ನ್ಯಾಯಾಲಯದಲ್ಲಿದ್ದರೆ ವಕೀಲರನ್ನು ಕೇಳದೆ ಯಾವ ಖಾತೆಯನ್ನೂ ಡಿಲೀಟ್ ಮಾಡಬೇಡಿ, ಸಾಕ್ಷ್ಯ ನಾಶದ ಆರೋಪ ಬರಬಹುದು. ಮಾಜಿ ಸಂಗಾತಿಯ ಪಾಸ್‌ವರ್ಡ್ ನಿಮಗೆ ಗೊತ್ತಿದೆಯೆಂದು ಇಣುಕುವುದೂ ಹಲವು ದೇಶಗಳಲ್ಲಿ ಅಪರಾಧ. ಇನ್ನು ಸಂಬಂಧದಲ್ಲಿ ಹಿಂಸೆ, ಬೆದರಿಕೆ ಇದ್ದಲ್ಲಿ ಒಮ್ಮೆಲೇ ಎಲ್ಲ ಕಡೆ ಲಾಗ್ ಔಟ್ ಮಾಡಿದರೆ ಆ ಕಡೆಗೆ ತಕ್ಷಣ ಸುಳಿವು ಸಿಗುತ್ತದೆ. ಅಂಥವರು ಮೊದಲು ಬೇರೆಯವರ ಫೋನಿನಿಂದ ನೆರವು ಕೇಳಿ ಸುರಕ್ಷಿತ ಜಾಗ ನೋಡಿಕೊಳ್ಳಬೇಕು. ಐಫೋನಿನಲ್ಲಿ ಐಓಎಸ್ 16ರಿಂದ "ಸೇಫ್ಟಿ ಚೆಕ್" ಎಂಬ ಸೌಲಭ್ಯವಿದೆ. ಯಾರ ಜೊತೆ ಲೊಕೇಶನ್, ಫೋಟೋ, ಕ್ಯಾಲೆಂಡರ್ ಹಂಚಿಕೊಂಡಿದ್ದೀರಿ ಎಂಬುದನ್ನು ಒಂದೇ ಕಡೆ ತೋರಿಸುತ್ತದೆ.

ಈಗ ಪಾಲಿನ ಮಾತು. ಖಾತೆಯನ್ನು ಅರ್ಧ ಮಾಡಲು ಬರುವುದಿಲ್ಲ. ಒಬ್ಬರು ಇಟ್ಟುಕೊಳ್ಳುತ್ತಾರೆ, ಇನ್ನೊಬ್ಬರು ತೆಗೆದುಕೊಂಡು ಹೋಗಬಹುದಾದ್ದನ್ನು ತೆಗೆದುಕೊಂಡು ಹೊರಡುತ್ತಾರೆ. ಯಾರ ಮೇಲ್, ಯಾರ ನಂಬರಿನಲ್ಲಿ ಖಾತೆ ಇದೆಯೋ ಅವರೇ ಇಟ್ಟುಕೊಳ್ಳುವುದು ಸಲೀಸು. ಹಣ ಯಾರು ಕಟ್ಟುತ್ತಿದ್ದರು ಎಂಬ ವಾದ ಕಂಪನಿಯ ಮುಂದೆ ನಿಲ್ಲುವುದಿಲ್ಲ. ಡಿಜಿಟಲ್ ಸಿನಿಮಾ, ಇ-ಪುಸ್ತಕ, ಗೇಮ್ ಎಲ್ಲವೂ ಬಳಸುವ ಪರವಾನಗಿ ಮಾತ್ರ, ಅದು ಅಂಟಿಕೊಂಡಿರುವುದು ಖಾತೆಗೆ. ಆ್ಯಪಲ್ ಫ್ಯಾಮಿಲಿ ಶೇರಿಂಗ್‌ನಲ್ಲಿ ಸದಸ್ಯರೊಬ್ಬರು ಕೊಂಡದ್ದರ ಬಿಲ್ ಗುಂಪಿನ ಮುಖ್ಯಸ್ಥರ ಕಾರ್ಡಿಗೆ ಹೋಗಿದ್ದರೂ ಕೊಂಡ ವಸ್ತು ಉಳಿಯುವುದು ಆ ಸದಸ್ಯರ ಖಾತೆಯಲ್ಲೇ.

ನೆಟ್‌ಫ್ಲಿಕ್ಸಿನಲ್ಲಿ 2022ರಿಂದ ಪ್ರೊಫೈಲ್ ವರ್ಗಾವಣೆ ಇದೆ: ನೋಡಿದ್ದರ ಇತಿಹಾಸ, ಪಟ್ಟಿ, ಶಿಫಾರಸು ಹೊಸ ಖಾತೆಗೆ ಬರುತ್ತವೆ. ಸ್ಪಾಟಿಫೈ ಫ್ಯಾಮಿಲಿಯಲ್ಲಿ ಪ್ರತಿಯೊಬ್ಬರಿಗೂ ಸ್ವಂತ ಖಾತೆ ಇರುವುದರಿಂದ ಹೊರಬಂದರೂ ಪ್ಲೇಲಿಸ್ಟ್ ಕಳೆದುಹೋಗುವುದಿಲ್ಲ. ತೊಂದರೆ ಬರುವುದು ಕಾಯುವ ಅವಧಿಯಲ್ಲಿ. ಗೂಗಲ್ ಫ್ಯಾಮಿಲಿ ಗುಂಪನ್ನು 12 ತಿಂಗಳಿಗೆ ಒಮ್ಮೆ ಮಾತ್ರ ಬದಲಿಸಬಹುದು. ಗೇಮ್ ಮಾರುವ ಸ್ಟೀಮ್‌ನ ಕುಟುಂಬ ಗುಂಪಾದ ಸ್ಟೀಮ್ ಫ್ಯಾಮಿಲೀಸ್‌ನಲ್ಲೂ ಹೊಸ ಗುಂಪು ಸೇರಲು ಒಂದು ವರ್ಷದ ಲೆಕ್ಕವಿದೆ. ಸಿಟ್ಟಿನಲ್ಲಿ ಹೊರಬಂದು ಅಣ್ಣನ ಗುಂಪಿಗೆ ಸೇರಿ, ವಾರದ ನಂತರ ಮಕ್ಕಳೊಂದಿಗೆ ನಿಮ್ಮದೇ ಗುಂಪು ಕಟ್ಟಲು ಹೋದರೆ ಸಿಕ್ಕಿಬೀಳುತ್ತೀರಿ. ಎಲ್ಲಿಗೆ ಹೋಗುವುದೆಂದು ಗೊತ್ತಾದ ಮೇಲೆ ಹೊರಡಿ. ಆ್ಯಪಲ್ ಗುಂಪಿನಲ್ಲಿ 13 ವರ್ಷದೊಳಗಿನ ಮಗು ಇದ್ದರೆ (ಈ ವಯಸ್ಸು ದೇಶದಿಂದ ದೇಶಕ್ಕೆ ಬದಲಾಗುತ್ತದೆ) ಮಗುವಿನ ಖಾತೆಯನ್ನು ಮೊದಲು ಇನ್ನೊಬ್ಬ ಪೋಷಕರ ಗುಂಪಿಗೆ ದಾಟಿಸಬೇಕು. ಅಲ್ಲಿಯವರೆಗೆ ಗುಂಪನ್ನು ಮುಚ್ಚಲು ಬಿಡುವುದಿಲ್ಲ.

ಸ್ಟೋರೇಜ್ ಮರೆಯಬೇಡಿ. ಗೂಗಲ್ ಒನ್ (ಹಣ ಕೊಟ್ಟು ಪಡೆಯುವ ಹೆಚ್ಚುವರಿ ಜಾಗ) ಹಂಚಿಕೆಯಿಂದ ಹೊರಬಿದ್ದ ಕೂಡಲೇ ನಿಮ್ಮ ಪಾಲಿಗೆ ಉಳಿಯುವುದು ಉಚಿತದ 15 ಜಿಬಿ. ಅದಕ್ಕಿಂತ ಹೆಚ್ಚು ತುಂಬಿದ್ದರೆ ಫೈಲುಗಳು ಅಂದೇ ಮಾಯವಾಗುವುದಿಲ್ಲ, ಆದರೆ ಮೇಲ್ ಬರುವುದು ನಿಲ್ಲುತ್ತದೆ. ನೋಟಿಸು, ಬ್ಯಾಂಕಿನ ಪತ್ರ ಎಲ್ಲ ಬರುವ ಕಾಲದಲ್ಲಿ ಇದು ಸಣ್ಣ ತೊಂದರೆಯಲ್ಲ. ಫೋಟೋಗಳನ್ನು ಪಾಲು ಮಾಡುವ ಅಗತ್ಯವೇ ಇಲ್ಲ, ಇಬ್ಬರೂ ಪ್ರತಿ ಇಟ್ಟುಕೊಳ್ಳಬಹುದು. ಒಂದೇ ಷರತ್ತು: ಹಂಚಿದ ಆಲ್ಬಮ್ಮಿನಲ್ಲಿ ಅವರು ಹಾಕಿದ ಚಿತ್ರ ನಿಮ್ಮ ಲೈಬ್ರರಿಗೆ ಸೇವ್ ಆಗಿರದಿದ್ದರೆ, ಅವರು ತೆಗೆದ ದಿನ ನಿಮಗೂ ಇಲ್ಲ. ಮೊದಲು ಸೇವ್ ಮಾಡಿ, ಆಮೇಲೆ ಗೂಗಲ್ ಟೇಕ್‌ಔಟ್ ಮೂಲಕ ಇಳಿಸಿಕೊಳ್ಳಿ. ಆ ಡೌನ್‌ಲೋಡ್ ಕೊಂಡಿ ಸುಮಾರು ಒಂದು ವಾರ ಮಾತ್ರ ಜೀವಂತ.

ಕ್ಯಾಮೆರಾ, ಸ್ಮಾರ್ಟ್ ಬೀಗ, ಕಾರಿನ ಆ್ಯಪ್ ಇವುಗಳಲ್ಲಿ ಸದಸ್ಯರನ್ನು ತೆಗೆಯುವುದು ಸಾಮಾನ್ಯವಾಗಿ ಮಾಲೀಕ ಖಾತೆಗೆ ಮಾತ್ರ ಸಾಧ್ಯ. ಮಾಲೀಕ ಖಾತೆ ಅವರದಾಗಿದ್ದು ವಸ್ತು ನಿಮ್ಮ ಪಾಲಿಗೆ ಬಂದಿದ್ದರೆ ಅವರೇ ತಮ್ಮ ಖಾತೆಯಿಂದ ಬಿಡುಗಡೆ ಮಾಡಿಕೊಡುವಂತೆ ಒಪ್ಪಂದದಲ್ಲೇ ಬರೆಸಿ. ಬರೀ ಫ್ಯಾಕ್ಟರಿ ರೀಸೆಟ್ ಮಾಡಿದರೆ ಕೆಲವು ಸಾಧನಗಳು ಹಳೆಯ ಮಾಲೀಕರ ಲಾಗಿನ್ನನ್ನೇ ಕೇಳುತ್ತಾ ಕೂರುತ್ತವೆ.

ಹಣದ ವಿಷಯದಲ್ಲೂ ಪಾಸ್‌ವರ್ಡ್ ಪುರಾಣದ ತಮ್ಮನೊಬ್ಬನಿದ್ದಾನೆ: "ಕಾರ್ಡ್ ಬ್ಲಾಕ್ ಮಾಡಿಸಿ ಹೊಸದು ತಗೊಂಡೆ, ಇನ್ನು ಕಡಿತ ಆಗಲ್ಲ." ಆಗಬಹುದು. ವೀಸಾ, ಮಾಸ್ಟರ್‌ಕಾರ್ಡ್ ಎರಡಕ್ಕೂ ಹೊಸ ಕಾರ್ಡಿನ ಸಂಖ್ಯೆಯನ್ನು ಚಂದಾ ಕಂಪನಿಗಳಿಗೆ ತಾನಾಗಿ ತಿಳಿಸುವ ವ್ಯವಸ್ಥೆ ಇದೆ. ನಿಮ್ಮ ಬ್ಯಾಂಕ್ ಅದರಲ್ಲಿದ್ದರೆ ಹಳೆಯ ಚಂದಾ ಹೊಸ ಕಾರ್ಡಿನ ಬೆನ್ನು ಹತ್ತುತ್ತದೆ. ಆ್ಯಪ್ ಅನ್‌ಇನ್‌ಸ್ಟಾಲ್ ಮಾಡಿದರೂ ಚಂದಾ ನಿಲ್ಲುವುದಿಲ್ಲ. ಕಳೆದ 12 ತಿಂಗಳ ಕಾರ್ಡ್ ಸ್ಟೇಟ್‌ಮೆಂಟ್ ಮುಂದಿಟ್ಟುಕೊಂಡು ಗೆರೆ ಗೆರೆ ನೋಡಿ. ಹನ್ನೆರಡೇ ಯಾಕೆಂದರೆ ವಾರ್ಷಿಕ ಚಂದಾಗಳು ಮೂರು ತಿಂಗಳ ಸ್ಟೇಟ್‌ಮೆಂಟಿನಲ್ಲಿ ತಲೆ ಹಾಕುವುದಿಲ್ಲ.

ಯಾರೂ ಕೇಳದ ಒಂದು ವಿಷಯ ಉಳಿದಿದೆ, ಕೇಳದಿದ್ದರೂ ಹೇಳುತ್ತೇನೆ. ನೀವು ಇಲ್ಲವಾದ ಮೇಲೆ ಈ ಖಾತೆಗಳು ಯಾರಿಗೆ? ಮದುವೆಯಾದ ಹೊಸತರಲ್ಲಿ ಫೋನ್ ಕೇಳಿದ್ದಕ್ಕೆಲ್ಲ ಸಂಗಾತಿಯ ಹೆಸರು ಒತ್ತಿರುತ್ತೀರಿ. ಆ ಹೆಸರು ಅಲ್ಲೇ ಇದೆ; ವಿಚ್ಛೇದನದ ಆದೇಶ ಗೂಗಲ್ಲಿಗೆ ತಾನಾಗಿ ತಲುಪುವುದಿಲ್ಲ. ಗೂಗಲ್‌ನ ಇನ್‌ಆ್ಯಕ್ಟಿವ್ ಅಕೌಂಟ್ ಮ್ಯಾನೇಜರ್‌ನಲ್ಲಿ ಹತ್ತು ಜನರವರೆಗೆ ಹೆಸರಿಸಬಹುದು, ಮತ್ತು ಅದು ಸಾವನ್ನು ನೋಡುವುದಿಲ್ಲ, ಖಾತೆ ಬಳಸದೆ ಕಳೆದ ಕಾಲವನ್ನು ಎಣಿಸುತ್ತದೆ. ಮೂರು ತಿಂಗಳು ಎಂದು ಇಟ್ಟಿದ್ದು ಹಳೆಯ ಖಾತೆಯ ಕಡೆ ತಿರುಗಿ ನೋಡದಿದ್ದರೆ, ನೀವು ಆರಾಮವಾಗಿ ಬದುಕಿರುವಾಗಲೇ ಅದರ ಕಡತಗಳನ್ನು ಇಳಿಸಿಕೊಳ್ಳುವ ಆಹ್ವಾನ ಅವರಿಗೆ ಹೋಗುತ್ತದೆ. ಫೇಸ್‌ಬುಕ್‌ನ ಲೆಗಸಿ ಕಾಂಟ್ಯಾಕ್ಟ್‌ಗೆ (ನೀವು ಇಲ್ಲವಾದ ಮೇಲೆ ಖಾತೆ ನೋಡಿಕೊಳ್ಳಲು ನೀವೇ ಹೆಸರಿಸಿದವರು) ನಿಮ್ಮ ಖಾಸಗಿ ಸಂದೇಶ ಓದಲು ಬರುವುದಿಲ್ಲ, ಆದರೆ ಸ್ಮರಣೆಯ ಪುಟ ನಡೆಸುವುದು ಅವರೇ. ಆ್ಯಪಲ್‌ನ ಲೆಗಸಿ ಕಾಂಟ್ಯಾಕ್ಟ್ ಆದವರ ಕೈಯಲ್ಲಿ ಒಂದು ಆ್ಯಕ್ಸೆಸ್ ಕೀ ಆಗಲೇ ಇರುತ್ತದೆ. ಅದರೊಂದಿಗೆ ಮರಣ ಪ್ರಮಾಣಪತ್ರ ಕೊಟ್ಟರೆ ನಿಮ್ಮ ಫೋಟೋ, ಸಂದೇಶ, ಟಿಪ್ಪಣಿ ತೆರೆದುಕೊಳ್ಳುತ್ತವೆ. ಸೆಟ್ಟಿಂಗ್ಸಿನಲ್ಲಿ ನಿಮ್ಮ ಹೆಸರು ಒತ್ತಿ, ಸೈನ್-ಇನ್ ಮತ್ತು ಸೆಕ್ಯುರಿಟಿಯೊಳಗೆ ಲೆಗಸಿ ಕಾಂಟ್ಯಾಕ್ಟ್ ತೆರೆದು ಅವರನ್ನು ತೆಗೆದರೆ ಆ ಕೀ ನಿರುಪಯುಕ್ತ. ಹೊಸಬರನ್ನು ಸೇರಿಸಿದಾಗ ಹೊಸ ಕೀ ಹುಟ್ಟುತ್ತದೆ, ಅದನ್ನು ಪ್ರಿಂಟ್ ತೆಗೆದು ಅವರ ಕೈಗೇ ಕೊಡಿ. ನಿಮ್ಮ ಫೋನಿನಲ್ಲಿ ಮಾತ್ರ ಉಳಿದರೆ ಅದನ್ನು ತೆಗೆಯುವವರು ಯಾರು?